ಅಳುಬೀಗರು

ನಮ್ಮ ಊರಿನಲ್ಲಿ ಹೆತ್ತವಳಿಗೆ ತನ್ನ ಕೂಸಿನ ಅಳು ತನ್ನ ಮನೆಯಲ್ಲಿ ಕೇಳುವುದಿಲ್ಲ. ಅದು ಬೇರೆ ಯಾರದೋ ಮನೆಯಲ್ಲಿ ಬೀಳುತ್ತದೆ. ಬಿದ್ದ ಮನೆಯವರು ಒಲೆಯ ಮೇಲಿನ ಸಾರು ಇಳಿಸಿಯೋ, ಅರ್ಧ ಬಾಚಿದ ತಲೆಯಲ್ಲಿಯೋ ಓಡಿ ಬಂದು "ನಿಮ್ಮ ಕೂಸು ಅಳ್ತೈತೆ" ಎಂದು ಹೇಳಿ ಹೋಗಬೇಕು. ಹಾಗೆ ಓಡಿ ಬರುವವರನ್ನು ಅಳುಬೀಗರು ಎನ್ನುತ್ತಾರೆ. ಹೆಣ್ಣು ಕೊಟ್ಟು ತಂದ ಬೀಗರ ನಡುವೆ ಮಾತು ಬಿಟ್ಟುಹೋಗುವುದುಂಟು. ಅಳುಬೀಗರ ನಡುವೆ ಹಾಗಾದದ್ದನ್ನು ನಾನು ಕಂಡಿಲ್ಲ. ನಾನು ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ನಮ್ಮ ನಡುಮನೆಯ ಕಂಬದ ಬುಡದಲ್ಲಿ ಕುಂಬಾರಗೇರಿಯ ಗಂಡುಕೂಸೊಂದರ ಅಳು ಬೀಳುತ್ತಿತ್ತು. ಒಂದು ವರ್ಷ ಓಡಿದ್ದೇನೆ. ಅವನು ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ತಾಯಿಯ ಕೈ ಬಿಟ್ಟು ಬಂದು ನನ್ನ ಸೆರಗು ಹಿಡಿದು ನಿಲ್ಲುತ್ತಾನೆ.

ನನಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ ಸೂಲಗಿತ್ತಿ ದುರ್ಗಜ್ಜಿ ಎರಡನ್ನೂ ಒಂದೇ ಮೊರದಲ್ಲಿ ಮಲಗಿಸಿ ಕೈ ತೊಳೆದುಕೊಳ್ಳುತ್ತ, "ಒಂದು ಬಸುರಿಗೆ ಒಂದು ಮನೆ ಕಣವ್ವ. ಜೋಡಿ ಕೂಸಿನ ಅಳು ಜೋಡೀಲೇ ಬೀಳೋದು. ಬತ್ತಾರೆ ಬಿಡು, ಇವತ್ತಲ್ಲ ನಾಳೆ," ಎಂದಳು. ಮೂರನೆಯ ದಿನ ಮಸ್ತಾನ್ ಸಾಬರು ಬಂದರು. ಪಾತ್ರೆಗಳಿಗೆ ಕಲಾಯಿ ಹಾಕುವವರು, ಮೂರು ಬೀದಿಯಾಚೆ ಮನೆ. ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೊಸಿಲಿನ ಆಚೆಯೇ ನಿಂತು, "ಅಳ್ತವೆ ತಾಯಿ. ನಮ್ಮ ಕುಲುಮೆ ತಿದಿ ಹಿಂದೆ ಕುಂತ್ಕಂಡು ಅಳ್ತವೆ," ಎಂದರು. ಬಾಣಂತನಕ್ಕೆ ಬಂದಿದ್ದ ನನ್ನ ಅಮ್ಮ ಅವರಿಗೆ ಎಲೆ, ಅಡಿಕೆ, ಒಂದಚ್ಚು ಬೆಲ್ಲ ಕೊಟ್ಟಳು. ಸಂಜೆ ಅವರ ಹೆಂಡತಿ ಬೀಬಮ್ಮ ಬಂದು ಎರಡೂ ಕೂಸಿನ ಕಿವಿಯ ಹಿಂದೆ ಕಾಡಿಗೆಯ ಬೊಟ್ಟು ಇಟ್ಟು, "ಒಂದೇ ಸಲ ಎರಡು ಹೆತ್ತು ನಮ್ಮ ಯಜಮಾನರ ಮೊಣಕಾಲಿಗೆ ಕೆಲಸ ಕೊಟ್ಟೆಯಲ್ಲೇ," ಎಂದು ನಕ್ಕಳು. ಅಲ್ಲಿಗೆ ನಾವು ಅಳುಬೀಗರಾದೆವು.

ಮೊದಲು ಹುಟ್ಟಿದವಳು ಹೊನ್ನಿ. ದುರ್ಗಜ್ಜಿ ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿನ ಮೇಲೆ ಹುಟ್ಟಿದವಳು ಸಣ್ಣಿ. ಗಂಡ ಜವರಪ್ಪ ಹೊಳೆಯ ಮೇಲ್ಗಡೆಯ ಸುಣ್ಣದ ಗೂಡಿನಲ್ಲಿ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಬಂದವನು ಉಗುರಿನ ಸಂದಿಯ ಸುಣ್ಣ ಕೂಸಿನ ಮೈ ಸುಟ್ಟೀತೆಂದು ಹೆದರಿ, ಮಜ್ಜಿಗೆಯಲ್ಲಿ ಕೈ ತೊಳೆದರೂ ನಂಬದೆ, ಮೊಣಕೈಗಳ ಮೇಲೆ ಮಕ್ಕಳನ್ನು ಇಡಿಸಿಕೊಂಡು ಅಲುಗಾಡದೆ ಕೂರುತ್ತಿದ್ದ. ಬಾಣಂತನ ಮುಗಿಸಿ ಮೂರನೆಯ ತಿಂಗಳಿಗೆ ಅಮ್ಮ ಹೊರಟುಹೋದಳು. ಆಮೇಲೆ ಮನೆಯಲ್ಲಿ ನಾನು, ಎರಡು ಕೂಸು, ಹಿತ್ತಲಿನ ಹಗ್ಗದ ತುಂಬ ತುಂಡುಬಟ್ಟೆ.

ಒಂದಕ್ಕೆ ಎಣ್ಣೆ ಹಚ್ಚಿ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯುವಷ್ಟರಲ್ಲಿ ಇನ್ನೊಂದು ಕಕ್ಕಿಕೊಂಡಿರುತ್ತಿತ್ತು. ಅದರ ಬಟ್ಟೆ ಬದಲಿಸುವಷ್ಟರಲ್ಲಿ ಮೊದಲನೆಯದು ಒದ್ದೆ. ಬಜೆಯ ಬೇರು ತೇದು ತೇದು ಬೆರಳಿಗೆ ಸಿಗದಂತಾಯಿತು. ನಿಂತುಕೊಂಡೇ ಉಣ್ಣುತ್ತಿದ್ದೆ. ತುತ್ತು ಬಾಯಿಗೆ ಹೋಯಿತೋ ಇಲ್ಲವೋ ಎಂದು ತಟ್ಟೆ ನೋಡಿ ತಿಳಿದುಕೊಳ್ಳುತ್ತಿದ್ದೆ. ನನ್ನ ಕೆಲಸ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದು. ಅದಕ್ಕೆ ಹಿತ್ತಲ ಜಗಲಿಯ ಬೆಳಕೇ ಆಗಬೇಕು. ತೊಟ್ಟಿಲು ನಡುಮನೆಯಲ್ಲಿ. ಸಾಬರು ಬಂದು ಬೀದಿಯಿಂದಲೇ "ಅಳ್ತವೆ ತಾಯಿ" ಎಂದು ಕೂಗಿದಾಗ ಸೂಜಿ ಎದೆಗೆ ಸಿಕ್ಕಿಸಿಕೊಂಡು ಒಳಗೆ ಓಡುತ್ತಿದ್ದೆ. ಓಡಿ ಬಂದು ನೋಡಿದರೆ ಎರಡೂ ಸದ್ದಿಲ್ಲದೆ ಬಾಯಿ ತೆರೆದಿರುತ್ತಿದ್ದವು, ಇಲ್ಲವೇ ಎರಡೂ ಬಿಕ್ಕಿ ಮುಗಿಸಿ ಸುಮ್ಮನಾಗಿರುತ್ತಿದ್ದವು. ಯಾವುದು ಕರೆದದ್ದು? ನಾನು ನ್ಯಾಯವಾಗಿ ನಡೆದುಕೊಳ್ಳುವ ದಾರಿಯೊಂದನ್ನು ಕಂಡುಕೊಂಡೆ. ಒಂದು ಕೂಗಿಗೆ ಹೊನ್ನಿಯನ್ನು ಮೊದಲು ಎದೆಗೆ ಹಾಕಿಕೊಳ್ಳುವುದು, ಮುಂದಿನ ಕೂಗಿಗೆ ಸಣ್ಣಿಯನ್ನು. ಮರೆತುಹೋಗದಿರಲೆಂದು ತೊಟ್ಟಿಲಿನ ಎರಡು ಕೊಂಡಿಗಳ ನಡುವೆ ಒಂದು ಕಪ್ಪು ದಾರವನ್ನು ಅತ್ತಿಂದಿತ್ತ ಕಟ್ಟುತ್ತಿದ್ದೆ. ಎರಡು ಮಕ್ಕಳ ತಾಯಿ ಹೀಗಿರಬೇಕು ಎಂದು ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಿತ್ತು.

ಐದನೆಯ ತಿಂಗಳಿನ ಒಂದು ಬೆಳಿಗ್ಗೆ ನಡುಮನೆ ಸಾರಿಸುತ್ತಿದ್ದೆ. ತಲೆಯೆತ್ತಿದರೆ ಸಣ್ಣಿಯ ಮುಖ ಬದನೆಕಾಯಿಯಂತೆ ಕಪ್ಪುಗಟ್ಟಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಎಷ್ಟು ಹೊತ್ತಿನಿಂದಲೋ. ಕಿವಿಯ ಕುಳಿಯಲ್ಲಿ ಕಣ್ಣೀರು ನಿಂತಿತ್ತು. ಹೊನ್ನಿ ನಿದ್ದೆಯಲ್ಲಿದ್ದಳು. ಎತ್ತಿಕೊಂಡು ಸಮಾಧಾನ ಮಾಡುತ್ತಿರುವಾಗಲೇ ಬೀಬಮ್ಮ ಬಾಗಿಲಿಗೆ ಬಂದಳು.

"ಏನವ್ವ, ಬೆಳಗ್ಗಿಂದ ನಮ್ಮನೇಲಿ ಸದ್ದೇ ಇಲ್ಲ. ಮಕ್ಕಳಿಗೆ ಹುಷಾರಿಲ್ವಾ ಅಂತ ನೋಡಕ್ಕೆ ಬಂದೆ."

"ಸದ್ದಿಲ್ವಾ? ಇವಳು ಅತ್ತು ಅತ್ತು ಉಸಿರು ಕಟ್ಟೋ ಹಂಗಾಗವ್ಳೆ."

"ಬಿದ್ದಿಲ್ಲ ಕಣೇ," ಎಂದಳು ಬೀಬಮ್ಮ. ನಗು ಅವಳ ಮುಖದಲ್ಲಿ ಅರ್ಧಕ್ಕೇ ನಿಂತಿತು. "ಒಂದು ತೊಟ್ಟೂ ಬಿದ್ದಿಲ್ಲ."

ಅಳು ಬೀಳುತ್ತದೋ ನೋಡಲೆಂದು ಅವಳು ಮನೆಗೆ ಹೋಗಿ ತಿದಿಯ ಹಿಂದೆ ನಿಂತಳು. ನಾನು ಹೊನ್ನಿಯನ್ನು ಹೆಗಲಿಗೆ ಹಾಕಿಕೊಂಡು, ಹಾಲಿನ ಹೊತ್ತಾದರೂ ಸಣ್ಣಿಯನ್ನು ಮುಟ್ಟದೆ ಕೂತೆ. ಸಣ್ಣಿ ಅತ್ತಳು, ನಾನು ನೋಡುತ್ತ ಕೂತೆ. ಬೀಬಮ್ಮ ಮತ್ತೆ ಬಂದಾಗ ಬಾಯಿಯ ಮೇಲೆ ಕೈಯಿತ್ತು. ಹಿಂದೆಯೇ ಸಾಬರು ಕುಂಟುತ್ತ ಬಂದರು. ಈ ಸಲ ಹೊಸಿಲು ದಾಟಿ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟರು.

"ನಾನು ಮೊದಲಿಂದ ಒಂದೇ ಕೇಳ್ತಿದ್ದೆ ತಾಯಿ. ಯಾವಾಗಲೂ ಒಂದೇ."

"ಮತ್ತೆ ಅಳ್ತವೆ ಅಂತಿದ್ರಲ್ಲ ಸಾಬಣ್ಣ? ದಿನಾ ಅಳ್ತವೆ, ಅಳ್ತವೆ ಅಂತ."

"ಎರಡು ಕೂಸಿನ ಮನೆ. ಅಳ್ತೈತೆ ಅಂದ್ರೆ ಒಂದನ್ನ ಬಿಟ್ಟು ಮಾತಾಡ್ದಂಗೆ ಆಗ್ತದೆ, ಹೆತ್ತವಳು ನೊಂದ್ಕೋತಾಳೆ ಅಂತ..." ಅವರು ಮಸಿಯ ಕೈಯಿಂದ ಮುಖ ಒರೆಸಿಕೊಂಡರು. ಮುಖವೆಲ್ಲ ಕಪ್ಪಾಯಿತು. "ಮರ್ಯಾದೆಗೆ ಅಂದೆ ತಾಯಿ."

ಐದು ತಿಂಗಳು ನಾನು ಆ ಒಂದು ಮರ್ಯಾದೆಯ ಮಾತನ್ನು ನಂಬಿದ್ದೆ. ಕರೆಯುತ್ತಿದ್ದದ್ದೆಲ್ಲ ಹೊನ್ನಿ. ಸಣ್ಣಿಗೆ ಸಿಕ್ಕಿದ್ದು ಅಕ್ಕನ ಅಳುವಿನ ಪಾಲು. ಅವಳು ತನಗಾಗಿ ಅತ್ತ ಹೊತ್ತಿನಲ್ಲಿ ಯಾರೂ ಬಂದಿರಲಿಲ್ಲ. ಹೊಟ್ಟೆ ತುಂಬಿದ್ದ ಹೊತ್ತಿನಲ್ಲಿ, ನಿದ್ದೆಯಿಂದ ಎಬ್ಬಿಸಿ, ದಾರ ನೋಡಿಕೊಂಡು ನಾನು ಹಾಲು ಕುಡಿಸಿದ್ದೆ.

ಅಳುವಿಗೆ ಕಾಲು ಬೇಕು ಎನ್ನುತ್ತಾರೆ ನಮ್ಮಲ್ಲಿ. ಅಂದರೆ ಅಳು ಬಿದ್ದ ಕಡೆಯಿಂದ ಯಾರಾದರೂ ಎದ್ದು ಓಡಬೇಕು. ಯಾರೂ ಓಡದಿದ್ದರೆ ಅಳು ಬತ್ತುತ್ತದೆ. ಹಾಗೆ ಬತ್ತಿದವನೊಬ್ಬ ನಮ್ಮ ಊರಿನಲ್ಲಿದ್ದಾನೆ, ಚೆಲುವಯ್ಯ ಅಂತ. ದವಸದ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಅವನ ಅಳು ಯಾರೂ ವಾಸವಿಲ್ಲದ ಹಾಳು ಉಗ್ರಾಣವೊಂದರಲ್ಲಿ ಬೀಳುತ್ತಿತ್ತಂತೆ, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಒಮ್ಮೆ ಅಂಗಾಲಿಗೆ ಮೊಳೆ ಹೊಕ್ಕು ಇಡೀ ದಿನ ಮೂಟೆ ಹೊತ್ತಿದ್ದ. ಸಂಜೆ ಯಾರೋ ನೆಲದ ಮೇಲಿನ ರಕ್ತ ನೋಡಿ ಕೂಗಿದಾಗ, "ಹೌದಾ?" ಎಂದು ಕಾಲೆತ್ತಿ ನೋಡಿಕೊಂಡ. ಅವನಿಗೆ ನೋವಾಗುವುದಿಲ್ಲ ಎಂದಲ್ಲ. ಅದನ್ನು ಯಾರಿಗಾದರೂ ಹೇಳಬಹುದು ಎಂಬುದು ಅವನಿಗೆ ಹೊಳೆಯುವುದಿಲ್ಲ.

ಹೊನ್ನಿಯನ್ನು ಬೀಬಮ್ಮನ ಕೈಗೆ ಕೊಟ್ಟು, ಸಣ್ಣಿಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಮನೆ ಮನೆ ತಿರುಗಿದೆ. ಹೊಳೆಬೀದಿ, ಗಾಣದವರ ಬೀದಿ, ಕುಂಬಾರಗೇರಿ, ಗೋರಿಕಟ್ಟೆಯ ಹಿಂದಿನ ಸಾಲು. "ನಿಮ್ಮನೇಲಿ ಯಾವುದಾದ್ರೂ ಕೂಸಿನ ಅಳು ಬೀಳ್ತೈತಾ?" ಎಂದು ಕೇಳುವುದು. "ಬೀಳ್ತೈತೆ, ಆದ್ರೆ ಅದು ಗೊಲ್ಲರ ಮನೇದು, ನಾವು ಹೋಗಿ ಹೇಳ್ತೀವಲ್ಲ." "ಇಲ್ಲ ಕಣಮ್ಮ, ನಮ್ಮತ್ತೆ ಗೊರಕೆ ಬಿಟ್ರೆ ಇನ್ನೇನೂ ಇಲ್ಲ." ಒಬ್ಬಳು ಸಣ್ಣಿಯ ಗಲ್ಲ ಹಿಡಿದು, "ಎಷ್ಟು ಸಾಧು ಕೂಸು, ಒಂದು ರಗಳೆ ಇಲ್ಲ," ಎಂದು ಮೆಚ್ಚಿದಳು. ನಾನು ಬೆನ್ನಿನ ಗಂಟು ಬಿಗಿಮಾಡಿಕೊಂಡು ಮುಂದಿನ ಮನೆಗೆ ಹೋದೆ.

ನಮ್ಮ ಹಿಂದಿನ ಬೀದಿಯ ಮುದ್ದಮ್ಮನ ಮನೆಗೂ ಹೋದೆ. ಅವಳದು ಕಡಲೆಪುರಿ ಭಟ್ಟಿ. ಊರಿಗೆಲ್ಲ ಅವಳದೇ ಪುರಿ. ಗಂಡ ಇಲ್ಲ. ನನ್ನ ಹೆರಿಗೆಗೆ ಸ್ವಲ್ಪ ಮೊದಲು ಅವಳ ನಾಲ್ಕು ತಿಂಗಳಿನ ಕೂಸು ಜ್ವರ ಬಂದು ತೀರಿಕೊಂಡಿತ್ತು. ಅಂಥವಳ ಬಾಗಿಲಿಗೆ ಕೂಸು ಹೊತ್ತುಕೊಂಡು ಹೋಗಲು ಸಂಕೋಚವಾಗಿ ಕೊನೆಗೆ ಹೋದೆ. ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. "ನಮ್ಮನೇಲಿ ಏನು ಕೇಳ್ಸುತ್ತೆ ತಾಯಿ? ಭಟ್ಟಿ ಸದ್ದು, ಮರಳಿನ ಸದ್ದು. ಸಿಡಿಲು ಹೊಡೆದ್ರೂ ಗೊತ್ತಾಗಲ್ಲ," ಎಂದಳು. ಹೌದಲ್ಲ ಎನ್ನಿಸಿತು. ಅವಳ ಹಿಂದೆ ಭಟ್ಟಿ ಕಾಣುತ್ತಿತ್ತು. ಬಾಣಲೆಯ ಮರಳಿನ ಮೇಲೆ ಒಂದು ಬೆಕ್ಕು ಮಲಗಿತ್ತು. ಅದನ್ನು ನನ್ನ ಕಣ್ಣು ನೋಡಿತು, ನಾನು ನೋಡಲಿಲ್ಲ. ನಿದ್ದೆಯಿಲ್ಲದ ತಲೆ ಹಾಗೆ.

ಎಲ್ಲ ಮನೆಗಳೂ ಮುಗಿದವು. ಜವರಪ್ಪ ಬಂದಾಗ ಒಂದು ಕನ್ನಡಿ ತಂದು ತೊಟ್ಟಿಲಿನ ಎದುರಿಗೆ, ಹಿತ್ತಲಿಂದ ಕಾಣುವ ಹಾಗೆ ತೂಗುಹಾಕಿದ. ನಾನು ಎರಡು ಹೊಲಿಗೆ ಹಾಕಿ ಒಮ್ಮೆ ಕನ್ನಡಿ ನೋಡುತ್ತಿದ್ದೆ. ಸಣ್ಣಿಯ ಬಾಯಿ ತೆರೆದರೆ ಓಡುತ್ತಿದ್ದೆ. ಆದರೆ ಅದು ದಿನದಿಂದ ದಿನಕ್ಕೆ ಕಡಿಮೆ ತೆರೆಯಿತು. ಮೊದಲು ಆರು ಸಲ, ಆಮೇಲೆ ಮೂರು. ಒಂದು ಮಂಗಳವಾರ ಒಂದೇ ಸಲ ತುಟಿ ನಡುಗಿಸಿ, ಇಷ್ಟೇ ತೆರೆದು, ತಾನೇ ಮುಚ್ಚಿಕೊಂಡಳು. ಆಮೇಲೆ ಇಲ್ಲ. ಒದ್ದೆ ಬಟ್ಟೆಯಲ್ಲಿ ಸುಮ್ಮನೆ ಮಲಗಿರುತ್ತಿದ್ದಳು. ಹಾಲಿನ ಹೊತ್ತು ಮೀರಿದರೂ ತೊಟ್ಟಿಲಿನ ಹಗ್ಗ ನೋಡುತ್ತಿದ್ದಳು. ಒಂದು ದಿನ ಅವಳ ತೊಡೆಯ ಮೇಲೆ ಕೆಂಪಿರುವೆಗಳು ಕಚ್ಚಿ ಹಿಡಿದಿದ್ದವು, ನಾಲ್ಕೋ ಐದೋ. ನಾನು ಒಂದೊಂದಾಗಿ ಕಿತ್ತೆ. ಅವಳು ನನ್ನ ಕೈಯನ್ನು ನೋಡಿದಳು, ಯಾರದೋ ತೊಡೆ ಎಂಬಂತೆ. ಹೊನ್ನಿಯ ಕಾಲಿಗೆ ಕಡಗ ಬಿಗಿಯಾಗುತ್ತಿದ್ದಾಗ ಇವಳ ಕಾಲಿನಿಂದ ಅದು ಜಾರಿ ಬಿತ್ತು.

ಅಳು ನಿಂತ ಒಂಬತ್ತನೆಯ ದಿನ ಬೀಬಮ್ಮ ಬಂದಳು. ಸೆರಗಿನಲ್ಲಿ ಕಡಲೆಪುರಿ ಕಟ್ಟಿಕೊಂಡಿದ್ದಳು. "ತಗೋ, ಬಿಸಿ ಐತೆ. ಮುದ್ದಮ್ಮ ಭಟ್ಟಿ ಹಚ್ಚವ್ಳೆ. ಆರು ತಿಂಗಳು ತಣ್ಣಗೆ ಇಟ್ಟಿದ್ಲು ಪಾಪ. ದುಃಖಕ್ಕೂ ಒಂದು ಕೊನೆ ಇರಬೇಕಲ್ಲ. ಮೊನ್ನೆಯಿಂದ ಮತ್ತೆ ಶುರು ಮಾಡವ್ಳೆ."

ಪುರಿ ಕೈಯಲ್ಲೇ ಉಳಿಯಿತು. ಆರು ತಿಂಗಳಿಂದ ತಣ್ಣಗಿದ್ದ ಭಟ್ಟಿ. ಅದರ ಸದ್ದಿನಲ್ಲಿ ಏನೂ ಕೇಳುವುದಿಲ್ಲ ಎಂದು ಅವಳು ನನಗೆ ಹೇಳಿದ್ದಳು. ಮರಳಿನ ಮೇಲೆ ಬೆಕ್ಕು ಮಲಗಿತ್ತು. ಅವಳು ಭಟ್ಟಿ ಆರಿಸಿದ್ದು ದುಃಖಕ್ಕಲ್ಲ. ಏನನ್ನೋ ಕೇಳಿಸಿಕೊಳ್ಳಲು ಆರಿಸಿದ್ದಳು. ಈಗ ಕೇಳಿಸಿಕೊಳ್ಳಲು ಏನೂ ಉಳಿಯದೆ ಹಚ್ಚಿದ್ದಳು.

ಸಣ್ಣಿಯನ್ನು ಎತ್ತಿಕೊಂಡು ಹೋದೆ. ಮುದ್ದಮ್ಮ ಉದ್ದನೆಯ ಸೌಟಿನಲ್ಲಿ ಮರಳು ತಿರುವುತ್ತಿದ್ದಳು. ಅಕ್ಕಿ ಅರಳುವ ಸದ್ದಿನಲ್ಲಿ ನಾನು ಬಂದದ್ದು ಗೊತ್ತಾಗಲಿಲ್ಲ. ನೆರಳು ಬಿದ್ದಾಗ ತಿರುಗಿದಳು. ನನ್ನನ್ನು ನೋಡಿ, ಕೂಸನ್ನು ನೋಡಿ, ಅದರ ಎದೆ ಏರಿಳಿಯುವುದನ್ನು ನೋಡಿ ಸೌಟು ಬಿಟ್ಟಳು.

"ಬದುಕೈತಾ?" ಎಂದಳು. "ಒಂಬತ್ತು ದಿನದಿಂದ ಬಿದ್ದೇ ಇಲ್ಲ. ನಂದು ಎರಡನೇ ಸಲ ಹೋಯ್ತು ಅಂದ್ಕೊಂಡೆ."

ಬಯ್ಯಲು ಎಷ್ಟೋ ಮಾತು ಕೂಡಿಸಿಕೊಂಡು ಬಂದಿದ್ದೆ. "ನಿಂದಾ?" ಎಂದಷ್ಟೇ ಕೇಳಿದೆ.

ಅವಳು ಭಟ್ಟಿಯ ಸೌದೆ ಹಿಂದಕ್ಕೆಳೆದು ನೀರು ಎರಚಿದಳು. ಹೊಗೆಯಲ್ಲಿ ಇಬ್ಬರೂ ಕೆಮ್ಮಿದೆವು. "ನಮ್ಮದು ಹೋಗಿ ಹದಿನೆಂಟನೇ ದಿನಕ್ಕೆ ಆ ತೊಟ್ಟಿಲಲ್ಲಿ ಬಿತ್ತು," ಎಂದು ಮೂಲೆಯ ಕಡೆ ಕೈ ತೋರಿಸಿದಳು. ಅಲ್ಲಿ ಖಾಲಿ ತೊಟ್ಟಿಲು, ಅದರಲ್ಲಿ ಮಡಿಸಿಟ್ಟ ಕೌದಿ. ನಾನೇ ಹೊಲಿದುಕೊಟ್ಟದ್ದು. "ನನ್ನ ಕೂಸಿನ ಅಳು ನಾನು ಯಾವತ್ತಾದ್ರೂ ಕೇಳಿದ್ನೇನವ್ವ, ಇದು ಅದಲ್ಲ ಅನ್ನಕ್ಕೆ? ಅದು ಇದ್ದಾಗ ಗಾಣದವರ ಮನೇಲಿ ಬೀಳ್ತಿತ್ತು. ಅವರು ಬಂದು ಹೇಳೋರು, ನಾನು ಎತ್ಕೊಳ್ಳೋಳು. ಹೋದ ಮೇಲಾದ್ರೂ ಹೆತ್ತೋಳ ಮನೆಗೆ ಬಂತಲ್ಲ ಅಂದ್ಕೊಂಡೆ."

"ನಾನು ಕೇಳ್ಕೊಂಡು ಬಂದಾಗ?"

"ಅವಾಗ ಗೊತ್ತಾಯ್ತು, ನಿಂದು ಅಂತ."

"ಗೊತ್ತಾಗೂ ಹೇಳ್ಲಿಲ್ಲ."

"ಗೊತ್ತಾಗೂ ಹೇಳ್ಲಿಲ್ಲ." ಅವಳು ತಲೆ ತಗ್ಗಿಸಲಿಲ್ಲ. "ನಿಂಗೆ ಎರಡು ಅವೆಯಲ್ಲ ಅನ್ನಿಸ್ತು. ನಾನು ತೂಗ್ತಿದ್ದೆ ಕಣೇ. ಅಳು ಬಿದ್ದಾಗೆಲ್ಲ ಕುಂತು ತೂಗ್ತಿದ್ದೆ. ತೂಗಿದ್ರೆ ನಿಲ್ತಿತ್ತು. ಮೊದಮೊದಲು ತುಂಬ ಹೊತ್ತು ತೂಗಬೇಕಿತ್ತು. ಆಮೇಲಾಮೇಲೆ ಬೇಗ ನಿಲ್ತಿತ್ತು. ನನ್ನ ಕೈ ಗುರುತು ಹತ್ತಿತು ಅಂತ ಖುಷಿಯಾಗೋದು."

ಅದು ಯಾಕೆ ಬೇಗ ನಿಲ್ಲುತ್ತಿತ್ತು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಒಂದು ಸಲ ಅಳ್ಸು," ಎಂದಳು. "ಬತ್ತೋಗೈತೋ ಇನ್ನೂ ಐತೋ ನೋಡನ."

ಸಣ್ಣಿಯನ್ನು ಚಾಪೆಯ ಮೇಲೆ ಮಲಗಿಸಿದೆ. ಚಿವುಟಬೇಕಿತ್ತು. ಕೂಸನ್ನು ಚಿವುಟಿ ತೊಟ್ಟಿಲು ತೂಗುವವರು ಎಂದು ಕಪಟಿಗಳನ್ನು ಬಯ್ಯುತ್ತಾರೆ. ಆ ಮಾತಿಗೆ ಇಂಥದೊಂದು ಮಧ್ಯಾಹ್ನವೂ ಇರಬಹುದೆಂದು ಯಾರೂ ನನಗೆ ಹೇಳಿರಲಿಲ್ಲ. ತೋಳಿನ ಮೇಲೆ ಮೆತ್ತಗೆ ಚಿವುಟಿದೆ. ಸಣ್ಣಿ ನನ್ನನ್ನು ನೋಡಿದಳು. ಇನ್ನೊಂದು ಸಲ, ಉಗುರು ಊರಿ. ಚರ್ಮ ಬಿಳಿಯಾಗಿ ಮತ್ತೆ ಕೆಂಪಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು, ಮಂಡಿಯಲ್ಲಿ ಕಾಲೆತ್ತಿ ನೋಡಿಕೊಂಡ ಚೆಲುವಯ್ಯನಂತೆ. "ಆಗಲ್ಲ ಅಕ್ಕ," ಎಂದೆ. ಮುದ್ದಮ್ಮ ನನ್ನ ಪಕ್ಕ ಕೂತು ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಮರಳು ತಿರುವಿ ಗಟ್ಟಿಯಾದ ಬೆರಳು. ಮೂರನೆಯ ಸಲ ಚಿವುಟಿದ್ದು ಯಾರು ಎಂದು ಈಗಲೂ ಹೇಳಲಾರೆ.

ಸಣ್ಣಿಯ ತುಟಿ ನಡುಗಿತು. ಬಾಯಿ ತೆರೆಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂಲೆಯ ಖಾಲಿ ತೊಟ್ಟಿಲಿನಿಂದ ಅದು ಬಂತು. ಬಹಳ ದಿನ ನೀರು ಸೇದದ ಬಾವಿಯ ರಾಟೆ ತಿರುಗಿದ ಹಾಗೆ, ಒಣಗಿದ, ತುಂಡುತುಂಡಾದ ಸದ್ದು. ನನ್ನ ಮಗಳ ಅಳುವನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಚಾಪೆಯ ಮೇಲಿನ ಕೂಸನ್ನು ಬಾಚಿ ಎದೆಗೊತ್ತಿಕೊಂಡೆ. ಮುದ್ದಮ್ಮ ಎದ್ದು ಓಡಿದಳು. ನನ್ನ ಕಡೆಗಲ್ಲ, ತೊಟ್ಟಿಲಿನ ಕಡೆಗೆ. ಹಗ್ಗ ಹಿಡಿದು ತೂಗತೊಡಗಿದಳು. ತಾನು ತೂಗುತ್ತಿದ್ದೇನೆಂದು ತಿಳಿದಾಗ ಕೈ ಬಿಟ್ಟಳು. ತೊಟ್ಟಿಲು ತಾನೇ ಮೂರು ನಾಲ್ಕು ಸಲ ತೂಗಿ ನಿಂತಿತು.

ಹೊರಡುವಾಗ ನನ್ನ ಮಡಿಲಿಗೆ ಎರಡು ಬೊಗಸೆ ಬಿಸಿ ಪುರಿ ಹಾಕಿದಳು. ಶಾಸ್ತ್ರದ ಪ್ರಕಾರ ಕೊಡಬೇಕಾದವಳು ನಾನು. ಕೊಡಲು ನಾನೇನೂ ತಂದಿರಲಿಲ್ಲ. "ಇನ್ಮೇಲೆ ಓಡಿ ಬತ್ತೀನಿ," ಎಂದಳು.

ಬರುತ್ತಾಳೆ. ಭಟ್ಟಿಯನ್ನು ಹಿತ್ತಲಿನ ತುದಿಗೆ ಸಾಗಿಸಿದ್ದಾಳೆ. ಸಣ್ಣಿಗೆ ಎಂಟು ತಿಂಗಳು ತುಂಬಿದೆ. ರಾಗಿ ಸರಿ ತಿನ್ನುತ್ತಾಳೆ, ಅರ್ಧ ಉಗಿಯುತ್ತಾಳೆ, ಕಡಗ ಈಗ ಕಾಲಿನಲ್ಲಿ ನಿಲ್ಲುತ್ತದೆ. ಹೊನ್ನಿ ಅತ್ತರೆ ಸಾಬರು ಮೂರು ಬೀದಿ ದಾಟಿ, ಆ ಮೊಣಕಾಲಿನಲ್ಲಿ, ಕಣ್ಣೀರು ಕಿವಿ ಮುಟ್ಟುವ ಮೊದಲೇ ಬಂದು "ಅಳ್ತೈತೆ ತಾಯಿ, ಒಂದೇ, ಒಂದೇ!" ಎಂದು ಕೂಗುತ್ತಾರೆ. ಮುದ್ದಮ್ಮನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಹಿತ್ತಲಿನ ಬೇಲಿ ದಾಟಿದರೆ ನೂರು ಹೆಜ್ಜೆಯೂ ಇಲ್ಲ. ಅವಳು ತಡವಾಗಿ ಬರುತ್ತಾಳೆ.

ಕನ್ನಡಿಯಲ್ಲಿ ಸಣ್ಣಿಯ ಬಾಯಿ ತೆರೆದದ್ದು ನನಗೆ ಕಾಣುತ್ತದೆ. ಎತ್ತಿಕೊಳ್ಳಬಹುದು. ಆದರೆ ಅಳುವಿಗೆ ಕಾಲು ಬೇಕು. ಆ ಕಾಲುಗಳಿಗಾಗಿ ಸೂಜಿ ಹಿಡಿದುಕೊಂಡು ಕಾಯುತ್ತೇನೆ. ಆ ಹೊತ್ತಿನಲ್ಲಿ ಮುದ್ದಮ್ಮ ಆ ಖಾಲಿ ತೊಟ್ಟಿಲಿನ ಬಳಿ ಏನು ಮಾಡುತ್ತಿರುತ್ತಾಳೆ ಎಂದು ಕೇಳಿಲ್ಲ. ಆಮೇಲೆ ಬೇಲಿಯ ಬಳಿ ಸೆರಗು ಕಾಣುತ್ತದೆ. ಏದುಸಿರು ಬಿಡುತ್ತ ಬಂದು ನಿಲ್ಲುತ್ತಾಳೆ. ಅವಳ ಮನೆಯಲ್ಲಿ ಬೀಳುವುದು ಒಂದೇ ಕೂಸಿನ ಅಳು, ಅದು ಅವಳಿಗೂ ಗೊತ್ತು.

"ಅಳ್ತವೆ ಕಣವ್ವ," ಎನ್ನುತ್ತಾಳೆ.

ನಾನು ತಿದ್ದುವುದಿಲ್ಲ. ಒಳಗೆ ಹೋಗಿ ನನ್ನದೊಂದನ್ನು ಎತ್ತಿಕೊಳ್ಳುತ್ತೇನೆ.